ಪಪೆಟ್ ಏಜೆಂಟ್ ಕೈಲಿ ಡಾಕರ್ ಪ್ಲಗಿನ್ ಹಾಕಿಸಿದ ನನ್ನ ಅನುಭವ

ಡಾಕರ್ ಅಂದರೆ ಆ್ಯಪ್‌ಗಳನ್ನು ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಫ್ಟ್‌ವೇರ್. ನಾನು ನೋಡಿಕೊಳ್ಳುವ ಡಾಕರ್ ಸರ್ವರ್‌ಗಳು ಒಟ್ಟು 11. ಅವುಗಳ ಸೆಟಪ್ ನೋಡಿಕೊಳ್ಳೋದು ಪಪೆಟ್ ಅನ್ನೋ ಸಾಧನ. ಸರ್ವರ್ ಹೇಗಿರಬೇಕು ಅಂತ ಮ್ಯಾನಿಫೆಸ್ಟ್ ಅನ್ನೋ ಫೈಲ್‌ನಲ್ಲಿ ಬರೆದರೆ, ಪ್ರತಿ ಸರ್ವರ್‌ನಲ್ಲಿರುವ ಪಪೆಟ್ ಏಜೆಂಟ್ ಅದನ್ನು ಜಾರಿ ಮಾಡುತ್ತದೆ. ಈ ಸರ್ವರ್‌ಗಳ ಕಂಟೇನರ್‌ಗಳಿಗೆಲ್ಲ ಒಂದೇ ಜಾಗದ ಫೈಲ್‌ಗಳು ಬೇಕಿದ್ದವು. ಫೈಲ್‌ಗಳು ಇದ್ದದ್ದು ಬೇರೊಂದು ಲಿನಕ್ಸ್ ಯಂತ್ರದಲ್ಲಿ, ಅಲ್ಲಿಗೆ ತೆರೆದಿದ್ದ ದಾರಿ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಒಂದೇ. ಹಾಗಾಗಿ ಎಸ್‌ಎಸ್‌ಎಚ್‌ಎಫ್‌ಎಸ್ ವಾಲ್ಯೂಮ್ ಪ್ಲಗಿನ್ ಹಾಕೋಣ ಅಂದುಕೊಂಡೆ. ದೂರದ ಫೋಲ್ಡರನ್ನು ಎಸ್‌ಎಸ್‌ಎಚ್ ಮೂಲಕ ಕಂಟೇನರ್‌ಗೆ ವಾಲ್ಯೂಮ್ ಆಗಿ, ಅಂದರೆ ಡಿಸ್ಕ್‌ನ ಹಾಗೆ, ಜೋಡಿಸೋದು ಇದರ ಕೆಲಸ. 2017ರಲ್ಲಿ ಬಂದ ಡಾಕರ್ 1.13ರಿಂದ ಇಂಥ ಪ್ಲಗಿನ್‌ಗಳನ್ನು ಇಮೇಜ್ (ಕಂಟೇನರ್‌ನ ಅಚ್ಚು) ಎಳೆದುಕೊಂಡಷ್ಟೇ ಸುಲಭವಾಗಿ ಹಾಕಬಹುದು.

ಮೊದಲು ಒಂದು ಸರ್ವರ್‌ನಲ್ಲಿ ಕೈಯಾರೆ ಹಾಕಿ ನೋಡಿದೆ. ‘ಡಾಕರ್ ಪ್ಲಗಿನ್ ಇನ್‌ಸ್ಟಾಲ್’ ಅಂತ ಕೊಟ್ಟ ತಕ್ಷಣ ಒಂದು ಪಟ್ಟಿ ಬಂತು. ಹೋಸ್ಟ್ ನೆಟ್‌ವರ್ಕ್ (ಸರ್ವರ್‌ನದೇ ನೆಟ್‌ವರ್ಕ್) ಬೇಕು, ಫ್ಯೂಸ್ ಡಿವೈಸ್ (ಫೈಲ್‌ಸಿಸ್ಟಮ್ ಜೋಡಿಸೋಕೆ ಲಿನಕ್ಸ್‌ನ ಸೌಲಭ್ಯ) ಬೇಕು, ಸಿಸ್ ಅಡ್ಮಿನ್ ಕೇಪಬಿಲಿಟಿ (ವಿಶೇಷ ಅಧಿಕಾರ) ಬೇಕು. ಇಷ್ಟನ್ನೂ ಕೊಡಬಹುದಾ ಅಂತ ಕೊನೆಗೊಂದು ಪ್ರಶ್ನೆ. ‘ವೈ’ ಒತ್ತಿದರೆ ಮಾತ್ರ ಮುಂದೆ ಹೋಗುತ್ತದೆ.

ಈ ಪಟ್ಟಿಯನ್ನು ದಯವಿಟ್ಟು ಒಂದ್ಸಲ ಪೂರ್ತಿ ಓದಿ. ಸಿಸ್ ಅಡ್ಮಿನ್ ಅಂದರೆ ಹೆಚ್ಚುಕಡಿಮೆ ಲಿನಕ್ಸ್‌ನ ಸರ್ವಾಧಿಕಾರಿ ಖಾತೆಯಾದ ರೂಟ್‌ನಷ್ಟೇ ಅಧಿಕಾರ. ಏಜೆಂಟ್ ಓಡುವಾಗ ‘ವೈ’ ಒತ್ತೋಕೆ ಅಲ್ಲಿ ಯಾರೂ ಕೂತಿರುವುದಿಲ್ಲ. ಕೇಳಿದ ಅನುಮತಿಯೆಲ್ಲ ಒಟ್ಟಿಗೆ ಕೊಟ್ಟೇ ಪ್ಲಗಿನ್ ಹಾಕಬೇಕಾಗುತ್ತದೆ. ಅಂದರೆ ಒಪ್ಪಿಗೆ ಕೊಡುವ ಹೊತ್ತು ಮ್ಯಾನಿಫೆಸ್ಟ್ ಬರೆಯುವ ಹೊತ್ತೇ.

ಪಪೆಟ್‌ನ ಡಾಕರ್ ಮಾಡ್ಯೂಲ್‌ನಲ್ಲಿ ಪ್ಲಗಿನ್‌ಗೆ ಅಂತಲೇ ಒಂದು ಡಿಫೈನ್ (ಸಿದ್ಧ ಘಟಕ) ಇದೆ. ಪ್ಲಗಿನ್ ಹೆಸರು, ‘ಪ್ರೆಸೆಂಟ್’ ಅನ್ನೋ ಸ್ಥಿತಿ, ಬೇಕಿದ್ದರೆ ಸೆಟ್ಟಿಂಗ್‌ಗಳು. ನಾಲ್ಕು ಸಾಲಿನಲ್ಲಿ ಕೆಲಸ ಮುಗಿಯಿತು. ಏಜೆಂಟ್ ಡೀಫಾಲ್ಟಾಗಿ 30 ನಿಮಿಷಕ್ಕೊಮ್ಮೆ ಓಡುತ್ತದೆ. ಅಷ್ಟು ಕಾಯದೆ ಒಂದು ಸರ್ವರ್‌ನಲ್ಲಿ ‘ನೋಆಪ್’ (ಏನನ್ನೂ ಬದಲಿಸದೆ ಓಡಿಸುವ ಆಯ್ಕೆ) ಕೊಟ್ಟು, ಏನೇನು ಬದಲಾಗುತ್ತೆ ಅಂತ ಮೊದಲು ನೋಡಿಕೊಂಡೆ.

ನಿಜವಾದ ಓಟದಲ್ಲಿ ಎರಡು ಸರ್ವರ್ ಕೆಂಪಾದವು, ಅಂದರೆ ಅಲ್ಲಿ ಓಟ ಫೇಲ್ ಆಯಿತು. ಕಾರಣ ಸಣ್ಣದು. ವಾಲ್ಯೂಮ್ ಬೇರೆ ಕ್ಲಾಸ್‌ನಲ್ಲಿತ್ತು (ಪಪೆಟ್ ಕೋಡ್‌ನ ಬೇರೆ ಭಾಗ), ಪ್ಲಗಿನ್ ಬರುವ ಮೊದಲೇ ವಾಲ್ಯೂಮ್ ಮಾಡೋಕೆ ಹೊರಟಿತ್ತು. ವಾಲ್ಯೂಮ್‌ಗೆ ಪ್ಲಗಿನ್ ‘ರಿಕ್ವೈರ್’ (ಅದು ಮೊದಲು ಬೇಕು) ಅಂತ ಒಂದು ಸಾಲು ಸೇರಿಸಿದ ಮೇಲೆ ಸರಿಹೋಯಿತು.

ನಿಜವಾದ ಪಾಡು ಶುರುವಾದದ್ದು ಮೂರು ವಾರದ ಮೇಲೆ. ಅಲ್ಲಿವರೆಗೆ ವಾಲ್ಯೂಮ್‌ನ ಆಯ್ಕೆಯಲ್ಲೇ ಪಾಸ್‌ವರ್ಡ್ ಬರೆದಿದ್ದೆ. ಅದು ನನಗೆ ಸಮಾಧಾನ ಇರಲಿಲ್ಲ. ಪಾಸ್‌ವರ್ಡ್ ಬದಲು ಲಾಗಿನ್‌ಗೆ ಎಸ್‌ಎಸ್‌ಎಚ್ ಕೀ ಅನ್ನೋ ಫೈಲ್ ಬಳಸೋಣ ಅಂತ, ಪ್ಲಗಿನ್‌ನ ಸೆಟ್ಟಿಂಗ್‌ನಲ್ಲಿ ಕೀ ಇರುವ ಫೋಲ್ಡರ್‌ನ ದಾರಿ ಸೇರಿಸಿದೆ. ಏಜೆಂಟ್ ಓಡಿತು. ಎಲ್ಲ 11 ಸರ್ವರ್‌ಗಳೂ ಹಸಿರು. ನಾನು ಖುಷಿಯಾಗಿ ಪಾಸ್‌ವರ್ಡ್ ಇಲ್ಲದ ಹೊಸ ವಾಲ್ಯೂಮ್ ಮಾಡಿದೆ. ಅದು ಮೌಂಟ್ ಆಗಲೇ ಇಲ್ಲ, ಅಂದರೆ ಕಂಟೇನರ್‌ಗೆ ಜೋಡಣೆಯಾಗಲಿಲ್ಲ.

ಕೀ ಫೈಲ್‌ನ ಪರ್ಮಿಶನ್ ನೋಡಿದೆ, ಫೈರ್‌ವಾಲ್ ನೋಡಿದೆ, ಆ ಕಡೆ ಯಂತ್ರದ ಲಾಗ್ ನೋಡಿದೆ. ಅರ್ಧ ದಿನ ಹೋಯಿತು. ಕೊನೆಗೆ ‘ಡಾಕರ್ ಪ್ಲಗಿನ್ ಇನ್‌ಸ್ಪೆಕ್ಟ್’ ಕೊಟ್ಟಾಗ ಗೊತ್ತಾಯಿತು, ಕೀ ದಾರಿಯ ಜಾಗ ಖಾಲಿ. ನಾನು ಬರೆದ ಸೆಟ್ಟಿಂಗ್ ಸರ್ವರ್‌ಗೆ ತಲುಪಿಯೇ ಇರಲಿಲ್ಲ.

ಆಗ ಮಾಡ್ಯೂಲ್‌ನ ಕೋಡ್ ತೆರೆದು ಓದಿದೆ. ಅದು ಮಾಡೋದು ಇಷ್ಟೇ. ಪ್ಲಗಿನ್ ಪಟ್ಟಿಯಲ್ಲಿ ಈ ಹೆಸರು ಇದೆಯಾ ಅಂತ ಗ್ರೆಪ್ ಮಾಡುತ್ತೆ, ಅಂದರೆ ಹುಡುಕುತ್ತೆ. ಇಲ್ಲದಿದ್ದರೆ ಇನ್‌ಸ್ಟಾಲ್ ಮಾಡುತ್ತೆ, ಸೆಟ್ಟಿಂಗ್‌ಗಳನ್ನೂ ಆಗಲೇ ಕೊಡುತ್ತೆ. ಹೆಸರು ಇದ್ದರೆ ಸುಮ್ನೆ ಮುಂದೆ ಹೋಗುತ್ತೆ. ‘ಪ್ರೆಸೆಂಟ್’ ಅಂದರೆ ‘ಇದೆ’ ಅಂತ ಮಾತ್ರ, ‘ನೀನು ಬರೆದ ಹಾಗೇ ಇದೆ’ ಅಂತ ಅಲ್ಲ. ಪ್ಯಾಕೇಜ್, ಫೈಲ್ ಇವುಗಳಲ್ಲಿ ಪಪೆಟ್ ಬದಲಾವಣೆ ಹಿಡಿಯುವ ರೀತಿ ನೋಡಿ ಅಭ್ಯಾಸ ಆಗಿದ್ದವರಿಗೆ ಇದು ತಟ್ಟನೆ ಹೊಳೆಯೋದಿಲ್ಲ.

ಸರಿಪಡಿಸೋದೂ ಸಲೀಸಾಗಿರಲಿಲ್ಲ. ಪ್ಲಗಿನ್ ಚಾಲೂ ಇರುವಾಗ ಸೆಟ್ಟಿಂಗ್ ಬದಲಿಸೋಕೆ ಡಾಕರ್ ಬಿಡುವುದಿಲ್ಲ. ಮೊದಲು ಡಿಸೇಬಲ್ ಮಾಡಬೇಕು. ಆ ಪ್ಲಗಿನ್ ಮೇಲೆ ವಾಲ್ಯೂಮ್ ಇದ್ದರೆ ಡಿಸೇಬಲ್ ಕೂಡ ಆಗುವುದಿಲ್ಲ, ಬಳಕೆಯಲ್ಲಿದೆ ಅನ್ನುತ್ತದೆ. ಬಲವಂತ ಮಾಡುವ ಆಯ್ಕೆ ಇದೆ, ನಾನು ಅದನ್ನು ಮುಟ್ಟಲಿಲ್ಲ. ಓಡುವ ಕಂಟೇನರ್‌ನ ಕಾಲಡಿಯಿಂದ ಡಿಸ್ಕ್ ಎಳೆದ ಹಾಗೆ ಅಲ್ವಾ ಅದು?

ಆಚೆ ಯಂತ್ರದ ಫೈಲ್‌ಗಳಿಗೆ ಬ್ಯಾಕಪ್ ತೆಗೆದೆ. ಆಮೇಲೆ ಒಂದೊಂದೇ ಸರ್ವರ್. ಮೊದಲು ಏಜೆಂಟ್ ನಿಲ್ಲಿಸಿದೆ, ಇಲ್ಲದಿದ್ದರೆ ನಡುವೆ ಬಂದು ವಾಲ್ಯೂಮ್ ಮತ್ತೆ ಮಾಡಿಬಿಡುತ್ತೆ. ಕಂಟೇನರ್ ನಿಲ್ಲಿಸಿ ತೆಗೆದೆ, ವಾಲ್ಯೂಮ್ ತೆಗೆದೆ. ಪ್ಲಗಿನ್ ಡಿಸೇಬಲ್, ಸೆಟ್, ಮತ್ತೆ ಎನೇಬಲ್. ಕೊನೆಗೆ ಏಜೆಂಟ್ ಓಡಿಸಿದರೆ ವಾಲ್ಯೂಮ್, ಕಂಟೇನರ್ ಎಲ್ಲ ತಾನೇ ಎದ್ದು ಬಂದವು.

ಈಗ ಮ್ಯಾನಿಫೆಸ್ಟ್‌ನಲ್ಲಿ ನನ್ನದೇ ಒಂದು ಎಕ್ಸೆಕ್ (ಕಮಾಂಡ್ ಓಡಿಸುವ ತುಣುಕು) ಇದೆ. ಅದು ಇನ್‌ಸ್ಪೆಕ್ಟ್‌ನಲ್ಲಿ ಕಾಣುವ ಕೀ ದಾರಿಯನ್ನು ನಾನು ಬರೆದ ದಾರಿಯ ಜೊತೆ ಹೋಲಿಸುತ್ತದೆ. ಬೇರೆ ಇದ್ದರೆ ಓಟವನ್ನು ಫೇಲ್ ಮಾಡುತ್ತದೆ, ತಾನಾಗಿ ಸರಿಮಾಡೋಕೆ ಹೋಗುವುದಿಲ್ಲ. ಕಂಟೇನರ್ ನಿಲ್ಲಿಸುವ ಹೊತ್ತನ್ನು ಏಜೆಂಟ್ ಆರಿಸೋದು ನನಗೆ ಬೇಡ. ಬೇಕು ಅಂತಲೇ ಒಂದು ಸರ್ವರ್‌ನಲ್ಲಿ ದಾರಿ ತಪ್ಪು ಬರೆದು ಪರೀಕ್ಷಿಸಿದೆ. ಮುಂದಿನ ಓಟದಲ್ಲೇ ಆ ಸರ್ವರ್ ಕೆಂಪಾಯಿತು.