ಖಾಲಿ ಕುರ್ಚಿ ಅಂದರೆ ಖಾಲಿ ಕಂಪ್ಯೂಟರ್ ಅಲ್ಲ: ವಿಭಾಗದ ಲ್ಯಾಬ್ ಬಳಸುವುದು ಹೇಗೆ?

ವಿಭಾಗದ ಕಂಪ್ಯೂಟರ್ ಲ್ಯಾಬ್‌ಗೆ ಮೊದಲ ಸಲ ಕಾಲಿಟ್ಟಾಗ ಕಣ್ಣಿಗೆ ಬೀಳುವುದು ಖಾಲಿ ಕುರ್ಚಿಗಳು. ಇಪ್ಪತ್ತರಲ್ಲಿ ಹದಿನೈದು ಖಾಲಿ ಇದ್ದರೆ ಹದಿನೈದು ಕಂಪ್ಯೂಟರ್ ಸುಮ್ನೆ ಕೂತಿವೆ ಅಂದುಕೊಳ್ಳುತ್ತೇವೆ. ಆದರೆ ಆ ಹದಿನೈದರಲ್ಲಿ ಎಷ್ಟೋ ಮಷಿನ್‌ಗಳಲ್ಲಿ ಯಾರದೋ ಕೆಲಸ ಓಡುತ್ತಿರುತ್ತದೆ. ಅವರು ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಕೂತು ಅದಕ್ಕೆ ಲಾಗಿನ್ ಆಗಿರುತ್ತಾರೆ. ಇದೊಂದು ತಲೆಯಲ್ಲಿ ಕೂತರೆ ಲ್ಯಾಬಿನ ಮುಕ್ಕಾಲು ನಿಯಮಗಳು ಯಾರೂ ಹೇಳಿಕೊಡದೆ ಅರ್ಥವಾಗುತ್ತವೆ.

ನನಗೆ ಇದು ಗೊತ್ತಾಗುವ ಹೊತ್ತಿಗೆ ಬೇರೆಯವರಿಗೆ ನಷ್ಟವಾಗಿತ್ತು. ಮೊದಲ ವರ್ಷದ ಒಂದು ಸಂಜೆ ನಾನು ಕೂತಿದ್ದ ಮಷಿನ್ ಹ್ಯಾಂಗ್ ಆಯಿತು. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಮಾಡಿ, ಕೆಲಸ ಮುಗಿಸಿ ಹೊರಟೆ. ಅದೇ ಮಷಿನ್‌ನಲ್ಲಿ ಒಬ್ಬ ಸೀನಿಯರ್ ಅವರ ಲೆಕ್ಕಾಚಾರ ನಾಲ್ಕು ದಿನದಿಂದ ಓಡುತ್ತಿತ್ತು, ನಾನು ಬಟನ್ ಒತ್ತಿದ ಕ್ಷಣಕ್ಕೆ ಅದಷ್ಟೂ ಹೋಯಿತು. ಮರುದಿನ ಹೋಗಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ತೋರಿಸಿದರು. ಈ ಲೇಖನದ ಅರ್ಧ ಭಾಗ ಅವರು ಅವತ್ತು ತೋರಿಸಿದ್ದೇ. ಇಲ್ಲಿ ಬರುವ ಕಮಾಂಡ್‌ಗಳು ಲಿನಕ್ಸ್ (ವಿಂಡೋಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಲ್ಯಾಬಿನವು. ವಿಂಡೋಸ್ ಲ್ಯಾಬ್ ಆದರೆ ಬಟನ್‌ಗಳು ಬೇರೆ, ನಡೆ ಅದೇ.

ಮೊದಲು ಅಕೌಂಟ್

ಎಷ್ಟೋ ಕಡೆ ವಿಶ್ವವಿದ್ಯಾಲಯದ ಇಮೇಲ್ ಅಕೌಂಟ್ ಬೇರೆ, ವಿಭಾಗದ ಲ್ಯಾಬ್ ಅಕೌಂಟ್ ಬೇರೆ. ತರಗತಿ ಶುರುವಾಗುವ ಮೊದಲೇ ಅರ್ಜಿ ಹಾಕಿ. ಅಸೈನ್‌ಮೆಂಟ್ ಕೊಡುವ ಹಿಂದಿನ ರಾತ್ರಿ ಅಕೌಂಟ್ ಕೇಳಿದರೆ ಸಿಗುವುದಿಲ್ಲ. ಅಕೌಂಟ್ ಕೊಡುವಾಗ ಒಂದು ನಿಯಮಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಓದದೆ ಸಹಿ ಹಾಕಬೇಡಿ. ಪೂರ್ತಿ ಓದಲು ಆಗದಿದ್ದರೆ ಮೂರು ವಿಷಯವನ್ನಾದರೂ ಹುಡುಕಿ: ಸ್ವಂತ ವ್ಯಾಪಾರದ ಕೆಲಸಕ್ಕೆ ಮಷಿನ್ ಬಳಸಬಹುದೇ (ಸಾಮಾನ್ಯವಾಗಿ ಬಿಡುವುದಿಲ್ಲ, ಬಿಟ್‌ಕಾಯಿನ್ ಮೈನಿಂಗ್ ಅಂತೂ ಕೇಳಲೇ ಬೇಡಿ), ನಿಮ್ಮ ಫೈಲ್‌ಗಳನ್ನು ಯಾರು ಯಾವಾಗ ನೋಡಬಹುದು, ಕೋರ್ಸ್ ಮುಗಿದ ಮೇಲೆ ಅಕೌಂಟ್ ಎಷ್ಟು ದಿನ ಇರುತ್ತದೆ.

ಪಾಸ್‌ವರ್ಡ್ ಗೆಳೆಯರಿಗೂ ಕೊಡಬಾರದು ಅನ್ನುವುದು ಎಲ್ಲರೂ ಕೇಳಿದ ಮಾತು. ಕೊಡುವುದು ಹೆಚ್ಚಾಗಿ ಒಳ್ಳೆಯ ಮನಸ್ಸಿನಿಂದಲೇ, 'ಅವನ ಅಕೌಂಟ್ ಇನ್ನೂ ಬಂದಿಲ್ಲ, ಪಾಪ' ಅಂತ. ಆದರೆ ಯಾರು ಯಾವಾಗ ಏನು ಮಾಡಿದರು ಅನ್ನುವ ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲಿ, ಬರುವುದು ನಿಮ್ಮ ಹೆಸರು. ಅವನು ಏನೇ ಮಾಡಿದರೂ ಉತ್ತರ ಹೇಳಬೇಕಾದವರು ನೀವು. ಈ ಕಥೆ ಕಂಪ್ಯೂಟರ್ ಹಂಚಿಕೊಳ್ಳಲು ಶುರುವಾದಷ್ಟೇ ಹಳೆಯದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಆರಂಭದಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಇತ್ತು. ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುತ್ತಿದ್ದರು, ಒಬ್ಬೊಬ್ಬರಿಗೂ ಪಾಸ್‌ವರ್ಡ್ ಇತ್ತು, ಸಮಯದ ಮಿತಿಯೂ ಇತ್ತು. ಅಲನ್ ಶೆರ್ ಎಂಬ ಸಂಶೋಧಕರಿಗೆ ವಾರಕ್ಕೆ ಸಿಗುತ್ತಿದ್ದದ್ದು 4 ಗಂಟೆ, ಅದು ಅವರ ಪಿಎಚ್‌ಡಿ ಕೆಲಸಕ್ಕೆ ಸಾಲುತ್ತಿರಲಿಲ್ಲ. 1962ರಲ್ಲಿ ಅವರು ಪಂಚ್ ಕಾರ್ಡ್ (ಕಂಪ್ಯೂಟರ್‌ಗೆ ಆದೇಶ ಕೊಡಲು ಆಗ ಬಳಸುತ್ತಿದ್ದ ತೂತು ಕೊರೆದ ಕಾರ್ಡ್) ಒಂದರಿಂದ ಪಾಸ್‌ವರ್ಡ್ ಫೈಲನ್ನೇ ಪ್ರಿಂಟ್ ಮಾಡಿಸಿಕೊಂಡು, ಬೇರೆಯವರ ಹೆಸರಿನಲ್ಲಿ ಕಂಪ್ಯೂಟರ್ ಬಳಸಿದರು. ಸಮಯ ಬೇಕಿದ್ದರೆ ಇವತ್ತು ಕಳ್ಳದಾರಿ ಬೇಕಿಲ್ಲ, ಕಾರಣ ಬರೆದು ಲ್ಯಾಬ್ ನೋಡಿಕೊಳ್ಳುವ ಅಡ್ಮಿನ್‌ಗೆ ಒಂದು ಮೇಲ್ ಹಾಕಿ. ಹೆಚ್ಚು ಡಿಸ್ಕ್, ಹೆಚ್ಚು ಸಮಯ ಕೇಳಿದರೆ ಕೊಡುವ ದಾರಿ ಬಹಳಷ್ಟು ವಿಭಾಗಗಳಲ್ಲಿ ಇದ್ದೇ ಇರುತ್ತದೆ, ನಾವು ಕೇಳುವುದಿಲ್ಲ ಅಷ್ಟೆ.

ಕೂತ ಮೇಲೆ, ಶುರು ಮಾಡುವ ಮೊದಲು

ಲಾಗಿನ್ ಆದ ತಕ್ಷಣ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು 'ಹೂ' (who) ಕಮಾಂಡ್ ಕೊಡಿ. ಆ ಮಷಿನ್‌ಗೆ ಯಾರೆಲ್ಲ ಲಾಗಿನ್ ಆಗಿದ್ದಾರೆ ಅಂತ ತೋರಿಸುತ್ತದೆ. ಆಮೇಲೆ 'ಅಪ್‌ಟೈಮ್' (uptime) ಕೊಟ್ಟರೆ ಕೊನೆಯಲ್ಲಿ ಮೂರು ಸಂಖ್ಯೆ ಬರುತ್ತವೆ. ಕಳೆದ 1, 5 ಮತ್ತು 15 ನಿಮಿಷಗಳಲ್ಲಿ ಮಷಿನ್ ಮೇಲಿದ್ದ ಸರಾಸರಿ ಹೊರೆ ಅದು. ಬರೀ ಆ ಸಂಖ್ಯೆ ನೋಡಿದರೆ ಏನೂ ತಿಳಿಯುವುದಿಲ್ಲ. 'ಎನ್‌ಪ್ರಾಕ್' (nproc) ಕೊಟ್ಟು ಎಷ್ಟು ಕೋರ್, ಅಂದರೆ ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕಗಳು, ಇವೆ ಅಂತ ನೋಡಿ ಹೋಲಿಸಬೇಕು. 8 ಕೋರ್ ಇದ್ದು ಹೊರೆ 1 ಇದ್ದರೆ ಜಾಗ ಬೇಕಾದಷ್ಟಿದೆ. ಹೊರೆ 8ರ ಹತ್ತಿರ ಇದ್ದರೆ ಮಷಿನ್ ತುಂಬಿದೆ, ಪಕ್ಕದ್ದಕ್ಕೆ ಹೋಗಿ. ಯಾರ ಯಾವ ಪ್ರೋಗ್ರಾಂ ಎಷ್ಟು ತಿನ್ನುತ್ತಿದೆ ಅನ್ನುವುದು 'ಟಾಪ್' (top) ಕಮಾಂಡ್‌ನಲ್ಲಿ ಕಾಣುತ್ತದೆ. ಎಲ್ಲಾ ಸೇರಿ ಅರ್ಧ ನಿಮಿಷದ ಕೆಲಸ.

ಪ್ರೊಸೆಸರ್‌ಗಿಂತ ಮೆಮೊರಿ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಪ್ರೊಸೆಸರ್ ಹಂಚಿಕೊಂಡರೆ ಎಲ್ಲರ ಕೆಲಸವೂ ನಿಧಾನವಾಗುತ್ತದೆ, ಅಷ್ಟೆ. ಮೆಮೊರಿ ಮುಗಿದುಹೋದರೆ ಲಿನಕ್ಸ್ ತಾನೇ ಒಂದು ಪ್ರೋಗ್ರಾಮನ್ನು ಆರಿಸಿ ಕೊಂದುಹಾಕುತ್ತದೆ. ಅದು ನಿಮ್ಮದೇ ಆಗಬೇಕೆಂದೇನಿಲ್ಲ. ಅದಕ್ಕೇ ದೊಡ್ಡ ಡೇಟಾ ಫೈಲನ್ನು ಒಮ್ಮೆಲೇ ಲೋಡ್ ಮಾಡುವ ಮೊದಲು 'ಫ್ರೀ' (free) ಕಮಾಂಡ್‌ನಿಂದ ಎಷ್ಟು ಉಳಿದಿದೆ ಅಂತ ನೋಡಿಕೊಳ್ಳಿ. ತುರ್ತಿಲ್ಲದ ಕೆಲಸವನ್ನು 'ನೈಸ್' ಜೊತೆ ಓಡಿಸಿ. ಅದಕ್ಕೆ 19 ಅನ್ನುವ ಸಂಖ್ಯೆ ಕೊಟ್ಟರೆ (nice -n 19) ಬೇರೆಯವರಿಗೆ ಪ್ರೊಸೆಸರ್ ಬೇಕಾದಾಗ ನಿಮ್ಮ ಕೆಲಸ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಈ ಕಮಾಂಡ್‌ಗೆ ಇಷ್ಟು ಚೆಂದದ ಹೆಸರಿಟ್ಟವರ ಬಗ್ಗೆ ನನಗೆ ಗೌರವವಿದೆ. ನೈಸ್ ಹಾಕಿದರೂ ಮೆಮೊರಿ ಮಾತ್ರ ಅಷ್ಟೇ ಖರ್ಚಾಗುತ್ತದೆ, ಅದು ನೆನಪಿರಲಿ.

ಫೈಲ್ ಎಲ್ಲಿ ಇಡಬೇಕು?

ಹೆಚ್ಚಿನ ಲ್ಯಾಬ್‌ಗಳಲ್ಲಿ ನಿಮ್ಮ ಫೈಲ್‌ಗಳಿರುವ ಹೋಮ್ ಫೋಲ್ಡರ್ ಆ ಮಷಿನ್ ಒಳಗೆ ಇರುವುದಿಲ್ಲ, ಬೇರೆ ಸರ್ವರ್‌ನಲ್ಲಿ ಇರುತ್ತದೆ. ಯಾವ ಮಷಿನ್ ಮುಂದೆ ಕೂತರೂ ಅದೇ ಫೈಲ್‌ಗಳು ಕಾಣುವುದು ಅದಕ್ಕೇ. ನಿಮ್ಮ ಲ್ಯಾಪ್‌ಟಾಪ್‌ಗೆ ನೆಟ್ ಬೇಕು ಅಂತ ಲ್ಯಾಬ್ ಮಷಿನ್‌ನ ಕೇಬಲ್ ಕೀಳಬಾರದು ಅನ್ನುವುದೂ ಅದಕ್ಕೇ. ಕೇಬಲ್ ಹೋದರೆ ಫೈಲ್‌ಗಳ ದಾರಿಯೇ ಹೋಯಿತು, ಒಳಗೆ ಓಡುತ್ತಿರುವ ಕೆಲಸಗಳು ಅಲ್ಲೇ ನಿಂತುಬಿಡುತ್ತವೆ.

ಹೋಮ್‌ಗೆ ಕೋಟಾ ಇರುತ್ತದೆ, ಅಂದರೆ ಇಷ್ಟೇ ಜಾಗ ಅನ್ನುವ ಮಿತಿ. ಹೊಸಬರನ್ನು ಅತಿ ಹೆಚ್ಚು ಗಾಬರಿ ಮಾಡುವ ತೊಂದರೆ ಇಲ್ಲಿಂದಲೇ ಬರುತ್ತದೆ. ಪಾಸ್‌ವರ್ಡ್ ಸರಿಯಾಗಿ ಹೊಡೆಯುತ್ತೀರಿ, ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ ಮತ್ತೆ ಲಾಗಿನ್ ಪುಟಕ್ಕೇ ಬಂದು ನಿಲ್ಲುತ್ತದೆ. ಮತ್ತೆ ಹೊಡೆದರೂ ಅದೇ ಕಥೆ. ಅಕೌಂಟ್ ಹ್ಯಾಕ್ ಆಯಿತು ಅಂತ ಓಡಬೇಡಿ. ಬಹುಪಾಲು ಸಲ ಹೋಮ್ ಭರ್ತಿಯಾಗಿರುತ್ತದೆ. ಡೆಸ್ಕ್‌ಟಾಪ್ ಶುರುವಾಗಲು ಕೆಲವು ಸಣ್ಣ ಫೈಲ್ ಬರೆಯಬೇಕು, ಅದಕ್ಕೂ ಜಾಗವಿಲ್ಲದೆ ಹೊರಗೆ ತಳ್ಳುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಬರೀ ಅಕ್ಷರಗಳ ಕನ್ಸೋಲ್ ಬರುತ್ತದೆ. ಅಲ್ಲಿ ಲಾಗಿನ್ ಆಗಿ, 'ಕೋಟಾ' (quota) ಕಮಾಂಡ್‌ನಿಂದ ಎಷ್ಟು ತುಂಬಿದೆ ನೋಡಿ, 'ಡಿಯು' (du) ಕಮಾಂಡ್‌ನಿಂದ ಯಾವ ಫೋಲ್ಡರ್ ದೊಡ್ಡದು ಅಂತ ಹುಡುಕಿ. ಹೆಸರಿನ ಮುಂದೆ ಚುಕ್ಕಿ ಇರುವ ಫೋಲ್ಡರ್‌ಗಳು ಮಾಮೂಲಿ ಪಟ್ಟಿಯಲ್ಲಿ ಕಾಣುವುದಿಲ್ಲ, ಜಾಗ ತಿನ್ನುವುದು ಹೆಚ್ಚಾಗಿ ಅವೇ: ಬ್ರೌಸರ್ ತಾತ್ಕಾಲಿಕವಾಗಿ ಇಟ್ಟುಕೊಂಡ ಕ್ಯಾಶ್, ಅಳಿಸಿದ ಫೈಲ್‌ಗಳ ಟ್ರಾಶ್, ಪೈಥಾನ್ ಪ್ಯಾಕೇಜ್‌ಗಳ ರಾಶಿ. ಕ್ಯಾಶ್ ಮತ್ತು ಟ್ರಾಶ್ ತೆಗೆದರೆ ಸಾಮಾನ್ಯವಾಗಿ ಡೆಸ್ಕ್‌ಟಾಪ್ ಮತ್ತೆ ತೆರೆಯುತ್ತದೆ.

ದೊಡ್ಡ ಡೇಟಾಗೆ ಸ್ಕ್ರ್ಯಾಚ್ ಅನ್ನುವ ಜಾಗ ಕೊಟ್ಟಿರುತ್ತಾರೆ. ಜಾಗ ಜಾಸ್ತಿ, ವೇಗವೂ ಜಾಸ್ತಿ. ಆದರೆ ಅದಕ್ಕೆ ಬ್ಯಾಕಪ್ ಇರುವುದಿಲ್ಲ, ಹಳೆಯ ಫೈಲ್‌ಗಳನ್ನು ಆಗಾಗ ಅಳಿಸುತ್ತಾರೆ ಕೂಡ. ಮತ್ತೆ ತಯಾರಿಸಿಕೊಳ್ಳಬಹುದಾದದ್ದನ್ನು ಅಲ್ಲಿಡಿ. ಥೀಸಿಸ್ ಅಲ್ಲಿಡಬೇಡಿ. 'ಟೆಂಪ್' (/tmp) ಫೋಲ್ಡರ್ ಇನ್ನೂ ಕ್ಷಣಿಕ, ಎಷ್ಟೋ ಮಷಿನ್‌ಗಳಲ್ಲಿ ರೀಬೂಟ್ ಆದರೆ ಅದರಲ್ಲಿದ್ದದ್ದು ಹೋಗುತ್ತದೆ. ಹೋಮ್‌ಗೆ ಬ್ಯಾಕಪ್ ಇದ್ದರೂ ನಿಮ್ಮದೊಂದು ಪ್ರತಿ ಬೇರೆ ಕಡೆ ಇರಲಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಅನ್ನುವ 3-2-1 ಲೆಕ್ಕ ಥೀಸಿಸ್ ಬರೆಯುವವರಿಗೆ ಅತಿಯಾಯಿತು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಒಂದು ಫೈಲ್ ಅಳಿಸಿಹೋದರೆ ತಕ್ಷಣ ಅಡ್ಮಿನ್‌ಗೆ ತಿಳಿಸಿ: ಫೈಲ್ ಹೆಸರು, ಯಾವ ಫೋಲ್ಡರ್, ಕೊನೆಯ ಸಲ ಯಾವತ್ತು ನೋಡಿದಿರಿ. ತಡ ಮಾಡಿದಷ್ಟೂ ಹಳೆಯ ಪ್ರತಿ ಸಿಗುವ ಆಸೆ ಕಮ್ಮಿ.

ಹೊರಗಿನಿಂದ ಲಾಗಿನ್

ಮನೆಯಿಂದ ಬರುವ ದಾರಿ ಎಸ್‌ಎಸ್‌ಎಚ್ (ssh), ದೂರದ ಮಷಿನ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ಪ್ರೋಗ್ರಾಂ. ಇದು ಹುಟ್ಟಿದ್ದೇ ಒಂದು ವಿಶ್ವವಿದ್ಯಾಲಯದಲ್ಲಿ. ಫಿನ್‌ಲ್ಯಾಂಡ್‌ನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಓದುತ್ತಿದ್ದರು. ಅದನ್ನು ತಡೆಯಲು ಅಲ್ಲಿದ್ದ ತಾತು ಯ್ಲೋನೆನ್ 1995ರಲ್ಲಿ ಇದನ್ನು ಬರೆದರು. ಅದಕ್ಕೂ ಮೊದಲು ಇದೇ ಕೆಲಸಕ್ಕೆ ಟೆಲ್‌ನೆಟ್ ಬಳಸುವಾಗ ಪಾಸ್‌ವರ್ಡ್ ಬರೆದಂತೆಯೇ ತಂತಿಯಲ್ಲಿ ಹೋಗುತ್ತಿತ್ತು.

ಮೊದಲ ಸಲ ಸೇರುವಾಗ 'ಈ ಮಷಿನ್‌ನ ಗುರುತು ಇದು, ನಂಬಬಹುದೇ' ಅಂತ ಉದ್ದದ ಅಕ್ಷರಗಳನ್ನು ತೋರಿಸುತ್ತದೆ. ಎಲ್ಲರೂ ಸುಮ್ನೆ 'ಯೆಸ್' (yes) ಅಂತ ಹೊಡೆಯುತ್ತಾರೆ. ವಿಭಾಗದವರು ಆ ಗುರುತನ್ನು ಪ್ರಕಟಿಸಿದ್ದರೆ ಒಂದು ಸಲ ಹೋಲಿಸಿ ನೋಡಿ. ಮುಂದೆ ಯಾವತ್ತಾದರೂ 'ಗುರುತು ಬದಲಾಗಿದೆ' ಅನ್ನುವ ಎಚ್ಚರಿಕೆ ಬಂದರೆ ಅಲ್ಲೇ ನಿಲ್ಲಿ, ಪಾಸ್‌ವರ್ಡ್ ಹೊಡೆಯಬೇಡಿ, ಅಡ್ಮಿನ್‌ರನ್ನು ಕೇಳಿ. ಮಷಿನ್ ಹೊಸದಾಗಿ ಇನ್‌ಸ್ಟಾಲ್ ಆಗಿರಬಹುದು, ನಿಮಗೂ ಮಷಿನ್‌ಗೂ ಮಧ್ಯದಲ್ಲಿ ಕದ್ದು ನೋಡಲು ಯಾರೋ ಕೂತಿರಲೂಬಹುದು.

ಹೊರಗಿನಿಂದ ಶುರು ಮಾಡಿದ ಕೆಲಸ ನೆಟ್ ಕಡಿದ ಕೂಡಲೇ ಸಾಯಬಾರದು ಅಂದರೆ ಟಿಮಕ್ಸ್ (tmux) ಎಂಬ ಪ್ರೋಗ್ರಾಂ ಕಲಿಯಿರಿ. ಲಾಗಿನ್ ಆಗಿ, ಟಿಮಕ್ಸ್ ತೆರೆದು, ಅದರೊಳಗೆ ಪ್ರೋಗ್ರಾಂ ಓಡಿಸಿ. ಕಂಟ್ರೋಲ್ ಜೊತೆ ಬಿ ಒತ್ತಿ ಬಿಟ್ಟು, ಆಮೇಲೆ ಡಿ ಒತ್ತಿದರೆ ನೀವು ಹೊರಬರುತ್ತೀರಿ, ಪ್ರೋಗ್ರಾಂ ಒಳಗೇ ಓಡುತ್ತಿರುತ್ತದೆ. ನಾಳೆ ಬಂದು 'ಟಿಮಕ್ಸ್ ಅಟ್ಯಾಚ್' (tmux attach) ಅಂದರೆ ಬಿಟ್ಟಲ್ಲಿಗೇ ಬರುತ್ತೀರಿ. ಜೊತೆಗೆ, ಗಂಟೆಗೊಮ್ಮೆಯಾದರೂ ಅಲ್ಲಿಯವರೆಗಿನ ಫಲಿತಾಂಶ ಫೈಲ್‌ಗೆ ಬರೆಯುವಂತೆ ನಿಮ್ಮ ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಸೇರಿಸಿ. ಕರೆಂಟ್ ಹೋಗುತ್ತದೆ, ಮಷಿನ್ ಕೆಡುತ್ತದೆ, ನನ್ನ ಹಾಗೆ ಇನ್ನೊಬ್ಬರು ಬಟನ್ ಒತ್ತುತ್ತಾರೆ. ಆ ಸೀನಿಯರ್ ಅವರ ಪ್ರೋಗ್ರಾಮಿನಲ್ಲಿ ಆ ಸಾಲುಗಳಿರಲಿಲ್ಲ. ಅವತ್ತು ನನಗೆ ತೋರಿಸುತ್ತಲೇ ಅವರೂ ಅದನ್ನು ಸೇರಿಸಿಕೊಂಡರು.

ವಿಭಾಗದಲ್ಲಿ ದೊಡ್ಡ ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡುವ ಹಲವು ಮಷಿನ್‌ಗಳ ಗುಂಪು) ಇದ್ದರೆ ನಡೆ ಸ್ವಲ್ಪ ಬೇರೆ. ಲಾಗಿನ್ ಆಗುವ ಮಷಿನ್ ಬಾಗಿಲು ಇದ್ದ ಹಾಗೆ, ಅಲ್ಲಿ ಭಾರದ ಕೆಲಸ ಓಡಿಸಬಾರದು. ಸ್ಲರ್ಮ್‌ನಂಥ ಸರದಿ ವ್ಯವಸ್ಥೆಗೆ 'ಇಷ್ಟು ಕೋರ್, ಇಷ್ಟು ಮೆಮೊರಿ, ಇಷ್ಟು ಹೊತ್ತು ಬೇಕು' ಅಂತ ಬರೆದುಕೊಟ್ಟರೆ ಜಾಗ ಸಿಕ್ಕಾಗ ಅದೇ ಓಡಿಸುತ್ತದೆ. ಕಮ್ಮಿ ಕೇಳಿದರೆ ಅರ್ಧದಲ್ಲಿ ನಿಲ್ಲಿಸುತ್ತದೆ. ಜಾಸ್ತಿ ಕೇಳಿದರೆ ಸರದಿಯಲ್ಲಿ ಕಾಯುವುದೂ ಜಾಸ್ತಿ. ಮೊದಲು ಸಣ್ಣ ಡೇಟಾ ಮೇಲೆ ಓಡಿಸಿ ಎಷ್ಟು ಬೇಕಾಯಿತು ಅಂತ ಅಳೆದು, ಸ್ವಲ್ಪ ಸೇರಿಸಿ ಕೇಳಿ.

ಸಾಫ್ಟ್‌ವೇರ್, ಪ್ರಿಂಟರ್, ಎದ್ದು ಹೋಗುವುದು

ಅಡ್ಮಿನ್ ಪಾಸ್‌ವರ್ಡ್ ನಿಮಗೆ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಪೈಥಾನ್ ಪ್ಯಾಕೇಜ್‌ಗಳನ್ನು ನಿಮ್ಮದೇ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ (ನಿಮಗಷ್ಟೇ ಸೇರಿದ ಪ್ರತ್ಯೇಕ ಫೋಲ್ಡರ್‌ನಲ್ಲಿ) ಹಾಕಿಕೊಳ್ಳಬಹುದು. ಎಲ್ಲರಿಗೂ ಬೇಕಾದದ್ದನ್ನು ಮಾತ್ರ ಅಡ್ಮಿನ್‌ಗೆ ಕೇಳಿ. ಮ್ಯಾಟ್‌ಲ್ಯಾಬ್‌ನಂಥ ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್‌ಗಳಿಗೆ ಎಷ್ಟೋ ಕಡೆ ಒಟ್ಟು ಇಷ್ಟೇ ಲೈಸೆನ್ಸ್ ಅಂತ ಇರುತ್ತದೆ, ತೆರೆದಾಗ ಒಂದು ಹೋಗುತ್ತದೆ, ಮುಚ್ಚಿದಾಗ ವಾಪಸ್ ಬರುತ್ತದೆ. ಅದನ್ನು ತೆರೆದಿಟ್ಟು ಸ್ಕ್ರೀನ್ ಲಾಕ್ ಮಾಡಿ ಊಟಕ್ಕೆ ಹೋದರೆ ಇನ್ನೆಲ್ಲೋ ಒಬ್ಬರಿಗೆ ಅದು ತೆರೆಯುವುದೇ ಇಲ್ಲ. ಕಾರಣ ಅವರಿಗೆ ಗೊತ್ತೂ ಆಗುವುದಿಲ್ಲ.

ಪ್ರಿಂಟ್ ಕೊಟ್ಟು ಕಾಗದ ಬರದಿದ್ದರೆ ಮತ್ತೆ ಮತ್ತೆ ಪ್ರಿಂಟ್ ಒತ್ತಬೇಡಿ. ಸರದಿಯಲ್ಲಿ ಎಲ್ಲವೂ ಕೂತಿರುತ್ತವೆ, ಪ್ರಿಂಟರ್ ಸರಿಹೋದ ಕ್ಷಣ ಒಂದರ ಹಿಂದೆ ಒಂದು ಬರುತ್ತವೆ.

ಐದು ನಿಮಿಷಕ್ಕೆ ಎದ್ದರೆ ಲಾಕ್ ಮಾಡಿ, ಅದಕ್ಕಿಂತ ಜಾಸ್ತಿ ಹೊತ್ತಾದರೆ ಲಾಗೌಟ್ ಆಗಿ. ಲಾಕ್ ಮಾಡಿ ಹೋದ ಸೀಟು ಬೇರೆಯವರಿಗೆ ಸಿಗುವುದಿಲ್ಲ. ಲಾಗೌಟ್ ಬೇರೆ, ಶಟ್‌ಡೌನ್ ಬೇರೆ. ಮಷಿನ್ ಹ್ಯಾಂಗ್ ಆದರೂ ಪವರ್ ಬಟನ್ ಮುಟ್ಟದೆ, ಪಕ್ಕದ ಮಷಿನ್‌ನಿಂದ ಅದಕ್ಕೆ ಎಸ್‌ಎಸ್‌ಎಚ್ ಮಾಡಿ ನೋಡಿ. ಎಷ್ಟೋ ಸಲ ಹ್ಯಾಂಗ್ ಆಗಿರುವುದು ಸ್ಕ್ರೀನ್ ಮಾತ್ರ, ಒಳಗೆ ಎಲ್ಲ ಸರಿಯಾಗೇ ಇರುತ್ತದೆ. ನಿಮ್ಮದೇ ತುಂಟ ಪ್ರೋಗ್ರಾಮನ್ನು 'ಕಿಲ್' (kill) ಕಮಾಂಡ್‌ನಿಂದ ನಿಲ್ಲಿಸಿದರೆ ಸ್ಕ್ರೀನ್ ವಾಪಸ್ ಬರುತ್ತದೆ. ನಾನು ಅವತ್ತು ಇಷ್ಟು ಮಾಡಿದ್ದರೆ ಸಾಕಿತ್ತು.

ಅದಕ್ಕೂ ಬಗ್ಗದಿದ್ದರೆ ಅಡ್ಮಿನ್‌ಗೆ ಬರೆಯಿರಿ. 'ಲ್ಯಾಬ್ ಕೆಲಸ ಮಾಡುತ್ತಿಲ್ಲ' ಅಂತ ಬರೆದರೆ ಅವರು ವಾಪಸ್ ನಾಲ್ಕು ಪ್ರಶ್ನೆ ಕೇಳಬೇಕಾಗುತ್ತದೆ. ಮಷಿನ್ ಮೇಲೆ ಅಂಟಿಸಿರುವ ಹೆಸರು, ಎಷ್ಟು ಗಂಟೆಗೆ, ನೀವು ಏನು ಟೈಪ್ ಮಾಡಿದಿರಿ, ಬಂದ ಎರರ್ ಸಂದೇಶ ಪೂರ್ತಿಯಾಗಿ, ಇವಿಷ್ಟು ಮೊದಲ ಮೇಲ್‌ನಲ್ಲೇ ಇರಲಿ. ಎರರ್ ಅನ್ನು ಫೋಟೊ ತೆಗೆದು ಕಳಿಸುವುದಕ್ಕಿಂತ ಅಕ್ಷರಗಳನ್ನೇ ಕಾಪಿ ಮಾಡಿ ಹಾಕುವುದು ಒಳ್ಳೆಯದು, ಅವರು ಅದನ್ನು ಹಾಗೇ ಹುಡುಕಬಹುದು.

ಕೋರ್ಸ್ ಮುಗಿಯುವ ಎರಡು ತಿಂಗಳ ಮೊದಲೇ ಫೈಲ್‌ಗಳನ್ನು ಸಾಗಿಸಲು ಶುರು ಮಾಡಿ, ಕೊನೆಯ ವಾರಕ್ಕೆ ಬಿಡಬೇಡಿ. ನಿಮ್ಮದನ್ನು ನೀವು ತೆಗೆದುಕೊಂಡು ಹೋಗಿ. ಗುಂಪಿನ ಡೇಟಾ ಇದ್ದರೆ ಗೈಡ್ ಹೇಳಿದವರ ಹೆಸರಿಗೆ ಮಾಡಿಸಿ, ಯಾವ ಫೈಲ್ ಯಾವ ಪ್ರೋಗ್ರಾಮಿನಿಂದ ಬಂತು ಅನ್ನುವುದನ್ನು ಒಂದು ಪುಟದಲ್ಲಿ ಬರೆದು ಅದೇ ಫೋಲ್ಡರ್‌ನಲ್ಲಿ ಇಟ್ಟುಬನ್ನಿ. ಆ ಸೀನಿಯರ್ ಹಾಗೆ ಬರೆದಿಟ್ಟು ಹೋದ ಪುಟವನ್ನು ಓದಿಕೊಂಡೇ ಮುಂದಿನ ವರ್ಷ ನಾನು ಅವರ ಲೆಕ್ಕಾಚಾರವನ್ನು ಮತ್ತೆ ಓಡಿಸಿದೆ.