ಘಟ್ಟದ ಮಳೆಗೆ ಯಾವ ಚರ್ಮದ ಜಾಕೆಟ್?

ಆರಿದ್ರಾ ಮಳೆ ಹಿಡಿದ ಮೇಲೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬೈಕಿನಲ್ಲಿ ಬರುವವರು ಜಾಕೆಟ್ಟಿನ ಮೇಲೊಂದು ರೇನ್‌ಕೋಟ್ ಹಾಕಲೇಬೇಕು. ಆ ಮಳೆಯನ್ನು ಪೂರ್ತಿ ತಡೆಯುವ ಚರ್ಮ ಇಲ್ಲ. ಆದರೂ ಚರ್ಮ ಚರ್ಮಕ್ಕೆ ವ್ಯತ್ಯಾಸ ಬಹಳ.

ಅಂಗಡಿಯಲ್ಲಿ ಮೊದಲು ಮನಸ್ಸು ಹೋಗುವುದು ಕುರಿ ಚರ್ಮಕ್ಕೆ, ಮುಟ್ಟಿದರೆ ಬೆಣ್ಣೆ. ದಪ್ಪ ಮಾತ್ರ ಸಾಮಾನ್ಯವಾಗಿ 0.6ರಿಂದ 0.8 ಮಿ.ಮೀ., ಎಳೆಯೂ ಸಡಿಲ. ನೀರು ಕುಡಿದು ಜೋತು ಬೀಳುತ್ತದೆ. ಆಡಿನದು ತೆಳುವಾದರೂ ಎಳೆ ಬಿಗಿ, ತುಂತುರಿಗೆ ಬಗ್ಗದು. ದನದ ಚರ್ಮ 1 ಮಿ.ಮೀ. ಮೇಲಿದ್ದರೆ ಸ್ವಲ್ಪ ಹೊತ್ತಿನ ಸಾಧಾರಣ ಮಳೆಗೆ ಸಾಕು. ಎಮ್ಮೆಯದು ಗಟ್ಟಿ, ಆದರೆ ಭಾರ. ನೆನೆದರೆ ನಮ್ಮ ಥಂಡಿಯಲ್ಲಿ ಬೇಗ ಒಣಗುವುದಿಲ್ಲ. ಒಳಮೈ ಉಜ್ಜಿ ಮಾಡಿದ ಸ್ವೀಡ್ ಚರ್ಮಕ್ಕೆ ಮೇಲ್ಮೈಯ ನುಣುಪು ಪದರವೇ ಇಲ್ಲ, ಹನಿ ಬಿದ್ದಲ್ಲೆಲ್ಲ ಕಲೆ. ರೆಕ್ಸಿನ್ನಿನದು ಮಳೆಗೆ ಚೆನ್ನ ಎನ್ನುತ್ತಾರೆ, ನಿಜ. ಕರಾವಳಿಯ ತೇವಕ್ಕೆ ಕೆಲವೇ ವರ್ಷಗಳಲ್ಲಿ ಹಲ್ಲಿಯ ಪೊರೆಯಂತೆ ಸುಲಿಯುತ್ತದೆ.

ಪ್ರಾಣಿ ಯಾವುದು ಎನ್ನುವುದಕ್ಕಿಂತ ಮೇಲಿನ ಲೇಪ ಮುಖ್ಯ. ಕಾಲರಿನ ಹಿಂದೆ ಒಂದು ಹನಿ ನೀರಿಟ್ಟು ಒಂದು ನಿಮಿಷ ನೋಡಿ. ಕೆಸುವಿನೆಲೆಯ ಮೇಲೆ ನಿಂತಂತೆ ನಿಂತರೆ ಲೇಪ ಇದೆ. ಹೀರಿ ಕಪ್ಪಾದರೆ ಬರೀ ಬಣ್ಣ, ಎಷ್ಟೇ ದುಬಾರಿಯಾದರೂ ಮಳೆಗೆ ಬೇಡ. ಆಮೇಲೆ ಹೆಗಲಿನ ಹೊಲಿಗೆ ನೋಡಿ. ನೀರು ಒಳಬರುವುದು ಹೆಚ್ಚಾಗಿ ಸೂಜಿಯ ತೂತಿನಿಂದ, ಜಿಪ್ಪಿನಿಂದ. ಜೇನುಮೇಣವನ್ನು ಬೆರಳಲ್ಲೇ ಬಿಸಿ ಮಾಡಿ ಹೊಲಿಗೆಯ ಮೇಲೆ ತೆಳ್ಳಗೆ ತಿಕ್ಕಿ, ಹತ್ತಿ ಬಟ್ಟೆಯಲ್ಲಿ ಒರೆಸಿ. ಬಣ್ಣ ಸ್ವಲ್ಪ ಗಾಢವಾಗುತ್ತದೆ, ಹಾಗಾಗಿ ತಿಳಿ ಬಣ್ಣದ್ದಕ್ಕೆ ಬೇಡ.

ಜಾಕೆಟ್ ಕೆಡುವುದು ನೆನೆದಾಗ ಅಲ್ಲ, ಒಣಗಿಸುವಾಗ. ಬಟ್ಟೆಯ ಜೊತೆ ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿದಿರೋ, ಬಿಸಿಲಿಗೆ ಬಿದ್ದ ಅಡಿಕೆ ಹಾಳೆಯಂತೆ ಸುರುಟಿಕೊಳ್ಳುತ್ತದೆ. ಒದ್ದೆ ಚರ್ಮದ ಎಳೆಗಳು ಶಾಖಕ್ಕೆ ಕುಗ್ಗುತ್ತವೆ, ಮತ್ತೆ ಹಿಗ್ಗುವುದಿಲ್ಲ. ಹೊಗೆ ವಾಸನೆಯಂತೂ ಬಿಡದು. ಕಾರವಾರದ ಕಡಲ ದಂಡೆಯಲ್ಲಿ ಓಡಾಡಿ ಬಂದಿದ್ದರೆ ಮೊದಲು ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಉಪ್ಪು ಉಳಿದರೆ ಬಿಳಿ ಗೆರೆ ಮೂಡುತ್ತದೆ, ತೇವವನ್ನೂ ಎಳೆದುಕೊಳ್ಳುತ್ತದೆ. ಮತ್ತೆ ಅಗಲ ಹ್ಯಾಂಗರಿಗೆ ಹಾಕಿ, ಜಿಪ್ಪು ಬಿಚ್ಚಿ, ಜೇಬು ಹೊರಗೆಳೆದು ಫ್ಯಾನಿನಡಿ ಬಿಡಿ. ಪೂರ್ತಿ ಒಣಗಿದ ಮೇಲೆ ಚರ್ಮದ ಕ್ರೀಮು, ಬಟಾಣಿ ಗಾತ್ರದಷ್ಟು ತೋಳಿಗೊಂದು ಸಲ. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ ಸುರಿಯಬೇಡಿ. ಕಲೆಯಾಗುತ್ತದೆ, ಮುಗ್ಗಲು ವಾಸನೆ ಬರುತ್ತದೆ.

ಬೂಷ್ಟು ಕಂಡರೆ ಅಂಗಳಕ್ಕೆ ತಂದು ಒಣಬಟ್ಟೆಯಲ್ಲಿ ಒರೆಸಿ, ಒಳಗೆ ಕೊಡವಿದರೆ ಪಕ್ಕದ ರೇಷ್ಮೆ ಸೀರೆಗೂ ಹತ್ತುತ್ತದೆ. ಬಳಿಕ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಕಾಣದ ಜಾಗದಲ್ಲಿ ಪರೀಕ್ಷಿಸಿ, ಹಗುರಾಗಿ ಒರೆಸಿ ಮತ್ತೆ ಆರಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ. ಹಳೆಯ ಪಂಚೆ ಹೊದಿಸಿದರೆ ಸಾಕು, ಚೌತಿ ಕಳೆಯುವವರೆಗೆ ವಾರಕ್ಕೊಮ್ಮೆ ಕಪಾಟಿನಿಂದ ಹೊರತೆಗೆದು ಗಾಳಿಗೆ ಹಾಕಿ.