ಮಂಡಕ್ಕಿ ಭಟ್ಟಿಯೂ ಏಳನೇ ತರಗತಿಯ ಕನ್ನಡವೂ

ದಾವಣಗೆರೆಯಲ್ಲಿ ಏಳನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ನಮ್ಮ ಮಕ್ಕಳ ಮಾತಿಗೇನೂ ಬರವಿಲ್ಲ. ಆಟದ ಬಯಲಿನ ಜಗಳವನ್ನು ವಕೀಲರ ಥರ ವಾದ ಮಾಡಿ ಒಪ್ಪಿಸುತ್ತಾರೆ. ಅದನ್ನೇ ಬರಿ ಅಂದರೆ ಮೂರನೇ ಸಾಲಿಗೆ ಪೆನ್ನು ನಿಲ್ಲುತ್ತದೆ. ಪ್ರಬಂಧವಂತೂ ಪೀಠಿಕೆಯಿಂದ ಉಪಸಂಹಾರದವರೆಗೆ ಗೈಡಿನದ್ದೇ. ಇಡೀ ತರಗತಿಯದ್ದು ಒಂದೇ ಅಚ್ಚು.

ಹಾಗಾಗಿ ಪ್ರಬಂಧ ಬದಿಗಿಟ್ಟು, ಮಂಡಕ್ಕಿ ಹೇಗೆ ಮಾಡುತ್ತಾರೆ ಅಂತ ಬರೆಯಲು ಹೇಳಿದೆ. ಊರಲ್ಲಿ ಭಟ್ಟಿಗಳಿಗೇನು ಕಡಿಮೆ? ಕೆಲವು ಮಕ್ಕಳ ಮನೆಯವರು ಅಲ್ಲೇ ದುಡಿಯುತ್ತಾರೆ. ಷರತ್ತು ಒಂದೇ: ಭಟ್ಟಿಯನ್ನೇ ಕಾಣದವರು ಓದಿದರೂ ತಿಳಿಯಬೇಕು.

ಮೊದಲು ದೊಡ್ಡವರನ್ನು ಕೇಳಿಕೊಂಡು ಬರುವ ಕೆಲಸ. ಹೌದು, ಇಲ್ಲ ಅಂತ ಮುಗಿದುಹೋಗುವ ಪ್ರಶ್ನೆ ಬೇಡ. ‘ಯಾಕೆ’, ‘ಹೇಗೆ’, ‘ಆಮೇಲೆ ಏನು’ ಅಂತ ಕೇಳಿ ಎಂದೆ. ಕೇಳಿದ್ದನ್ನೆಲ್ಲ ಗೀಚಿಕೊಳ್ಳದೆ ಒಂದೊಂದು ಪದದ ಗುರುತು ಮಾತ್ರ. ಬೋರ್ಡಿನ ಮೇಲೆ ಸೇರಿದ್ದು ಇಷ್ಟು: ಭತ್ತ ನೆನೆಸು, ಬೇಯಿಸು, ಒಣಗಿಸು, ಮಿಲ್ಲು, ಉಪ್ಪುನೀರು, ಕಾದ ಮರಳು, ಜರಡಿ. ಇದನ್ನು ನೋಡಿಕೊಂಡು ಪಕ್ಕದವರಿಗೆ ಬಾಯಲ್ಲಿ ಹೇಳಬೇಕು, ಆಮೇಲೆ ಬರೆಯಬೇಕು. ಬಾಯಲ್ಲಿ ಒಮ್ಮೆ ಹೇಳಿದವರ ವಾಕ್ಯ ಅಷ್ಟು ಸುಲಭವಾಗಿ ಮುರಿಯುವುದಿಲ್ಲ.

ನಿಜವಾದ ಪಾಠ ನಡೆದದ್ದು ಪುಸ್ತಕ ಅದಲು ಬದಲು ಮಾಡಿದಾಗ. ಓದಿದವರು ಒಂದೊಂದು ಹಂತಕ್ಕೂ ಚಿತ್ರ ಬಿಡಿಸಬೇಕು, ಬರೆದದ್ದನ್ನು ಬಿಟ್ಟು ಬೇರೇನೂ ಸೇರಿಸಬಾರದು. ಒಬ್ಬಳು ‘ಕಾದ ಮರಳಿಗೆ ಹಕ್ಕಿ ಹಾಕಿ ಹುರಿಯುತ್ತಾರೆ’ ಅಂತ ಬರೆದಿದ್ದಳು. ಓದಿದ ಹುಡುಗ ಬಹಳ ಗಂಭೀರವಾಗಿ ಬಾಣಲೆಯಲ್ಲಿ ಒಂದು ಗಿಣಿ ಬಿಡಿಸಿಟ್ಟ. ಅಕಾರ, ಹಕಾರದ ತಕರಾರು ನಮ್ಮಲ್ಲಿ ಹಳೆಯದು. ಹತ್ತು ಸಲ ತಿದ್ದಿ ಬರೆಸಿದರೂ ಬಗ್ಗದ್ದು ಆ ಗಿಣಿಗೆ ಬಗ್ಗಿತು. ಈಗ ಅವಳೇ ಬೇರೆಯವರ ಹಕಾರ ಹುಡುಕುತ್ತಾಳೆ.

ಇನ್ನೊಬ್ಬ ಹುರಿದದ್ದೇ ತಡ, ಚೀಲಕ್ಕೆ ತುಂಬಿಸಿಬಿಟ್ಟಿದ್ದ. “ಮಿಸ್, ಮರಳು ಸಮೇತಾನಾ?” ಅಂತ ಚಿತ್ರ ಬಿಡಿಸುವವಳ ಪ್ರಶ್ನೆ.

“ಜರಡಿ ಹಿಡೀತಾರೆ, ಅಷ್ಟೂ ಗೊತ್ತಿಲ್ವೇನೇ?”

“ನೀ ಬರ್ದೇ ಇಲ್ವಲ್ಲೋ!”

ಅವನು ಗೊಣಗುತ್ತಲೇ ಪುಸ್ತಕ ಕಿತ್ತುಕೊಂಡು ನಡುವೆ ಒಂದು ಸಾಲು ತೂರಿಸಿದ. ನಾನು ‘ವಿವರವಾಗಿ ಬರೆಯಿರಿ’ ಅಂತ ಷರಾ ಹಾಕಿದ್ದರೆ ಈ ಸಾಲು ಬರುತ್ತಿರಲಿಲ್ಲ.

ಕೆಂಪು ಶಾಯಿಗೂ ಕಡಿವಾಣ ಹಾಕಿದ್ದೇನೆ. ಒಂದು ಬರಹದಲ್ಲಿ ಒಂದೇ ಬಗೆಯ ತಪ್ಪು ತಿದ್ದುವುದು: ಈ ಸಲ ಒತ್ತಕ್ಷರವಾದರೆ ಮುಂದಿನ ಸಲ ವಿಭಕ್ತಿ. ಪುಟವೆಲ್ಲ ಕೆಂಪಾದರೆ ಮಗು ನೋಡುವುದು ಅಂಕವನ್ನಷ್ಟೇ. ಭಟ್ಟಿಯವರು ಆಡಿದ ಮಾತನ್ನು ಅವರ ಆಡುಮಾತಲ್ಲೇ ಉದ್ಧರಣ ಚಿಹ್ನೆಯೊಳಗೆ ಇಡಲು ಹೇಳಿದೆ. ಗ್ರಂಥಸ್ಥ ಭಾಷೆಗೂ ಮನೆಮಾತಿಗೂ ಇರುವ ಅಂತರ ಅಲ್ಲೇ ಕಣ್ಣಿಗೆ ಕಂಡಿತು, ಬೇರೆ ವ್ಯಾಕರಣದ ಪೀರಿಯಡ್ ಬೇಕಾಗಲಿಲ್ಲ.

ಗದ್ಯಪಾಠಗಳ ಸಾರಾಂಶಕ್ಕೂ ಈಗ ಇದೇ ಕ್ರಮ: ಪದ ಗುರುತಿಸು, ಹೇಳು, ಪುಸ್ತಕ ಮುಚ್ಚಿ ಬರೆ, ಪಕ್ಕದವರಿಗೆ ಕೊಡು. ಪದ್ಯಕ್ಕೆ ಮಾತ್ರ ಇದು ಒಗ್ಗಲಿಲ್ಲ. ಹಂತ ಹಂತವಾಗಿ ಬಿಡಿಸಿದರೆ ಪದ್ಯದ ಲಯವೇ ಹೋಗುತ್ತದೆ; ಅದನ್ನು ಇವತ್ತಿಗೂ ರಾಗವಾಗಿ ಹೇಳಿಸಿ ಬಾಯಿಪಾಠವನ್ನೇ ಮಾಡಿಸುತ್ತೇನೆ.